ಹೊಟ್ಟಿನ ಬೂದಿ, ದಂಟಿನ ಬೂದಿ

ಪ್ರಶ್ನೆ: ನಮ್ಮ ಬಚ್ಚಲ ಒಲೆಗೆ ಸೂರ್ಯಕಾಂತಿ ದಂಟು ಹಾಕುತ್ತೇವೆ. ಪಕ್ಕದ ಅಕ್ಕಿ ಗಿರಣಿಯಲ್ಲಿ ಭತ್ತದ ಹೊಟ್ಟಿನ ಬೂದಿ ಪುಕ್ಕಟೆ ಸಿಗುತ್ತದೆ. ಎರಡೂ ಬೂದಿಯೇ ಅಲ್ವಾ? ಹಿತ್ತಲ ಬಾಳೆಗೆ ಯಾವುದು ಹಾಕಲಿ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಹೆಸರು ಒಂದೇ, ಸರಕು ಬೇರೆ. ಬಾಳೆಗೆ ದಂಟಿನ ಬೂದಿಯೇ ಸರಿ.

ನಮ್ಮಜ್ಜಿ ಹಿತ್ತಾಳೆ ಚೆಂಬು ಉಜ್ಜಲು ಹೊಟ್ಟಿನ ಬೂದಿಯನ್ನೇ ಕೇಳುತ್ತಿದ್ದರು. ಬೆರಳಲ್ಲಿ ತಿಕ್ಕಿದರೆ ಸಣ್ಣ ಮರಳಿನ ಹಾಗೆ ಚರಚರ ಅನ್ನುತ್ತದೆ. 100 ಕೆ.ಜಿ. ಹೊಟ್ಟು ಸುಟ್ಟರೆ ಸುಮಾರು 20 ಕೆ.ಜಿ. ಬೂದಿ ಉಳಿಯುತ್ತದೆ. ಅದರಲ್ಲಿ ಶೇ. 85ರಿಂದ 95ರಷ್ಟು ಸಿಲಿಕಾ, ಅಂದರೆ ಮರಳಲ್ಲಿ ಇರುವುದೇ. ಭತ್ತ ಇದನ್ನು ಬೇರಿನಿಂದ ಹೀರಿ ಎಲೆ, ಕಾಂಡ, ಹೊಟ್ಟಿಗೆಲ್ಲ ತುಂಬಿಕೊಳ್ಳುತ್ತದೆ. ಕಳೆ ಕೀಳುವಾಗ ಎಲೆಯಂಚು ಕೈ ಕೊಯ್ಯುವುದು ಅದಕ್ಕೇ. ಬಣವೆಗೆ ಬೆಂಕಿ ಬಿದ್ದ ಜಾಗ ಕೆದಕಿದರೆ ಕೆಲವೊಮ್ಮೆ ಗಾಜಿನಂಥ ಹೆಂಟೆ ಸಿಗುತ್ತದೆ. ಹುಲ್ಲಿನ ಸಿಲಿಕಾ, ಪೊಟ್ಯಾಶ್ (ಗಿಡಕ್ಕೆ ಬೇಕಾದ ಪೊಟ್ಯಾಸಿಯಂನ ಲವಣ) ಎರಡೂ ಕಾವಿಗೆ ಕರಗಿ ಗಟ್ಟಿಯಾಗಿರುತ್ತವೆ.

ಸೂರ್ಯಕಾಂತಿ ದಂಟಿನ ಬೂದಿಯಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಪೊಟ್ಯಾಶ್. ಮೊದಲ ಮಹಾಯುದ್ಧಕ್ಕೆ ಮುಂಚೆ ರಷ್ಯಾದ ಕಾಕಸಸ್ ಕಡೆ ಇದರಿಂದಲೇ ಪೊಟ್ಯಾಶ್ ತೆಗೆದು ಮಾರುತ್ತಿದ್ದರು. ಬಾಳೆಯಂತೂ ಪೊಟ್ಯಾಶ್‌ಗೆ ಬಕಾಸುರ. ಆದರೆ ದಂಟಿನ ಸಾರಜನಕ ಹೊಗೆಯಲ್ಲೇ ಹೋಗಿರುತ್ತದೆ, ಅದನ್ನು ಬೇರೆ ಕೊಡಬೇಕು. ಬೂದಿ ಜೊತೆಗೇ ಯೂರಿಯಾ ಬೆರೆಸಬೇಡಿ, ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ.

ನನಗೆ ಚಿಂತೆ ನಿಮ್ಮ ಮಣ್ಣಿನದು. ನಿಮ್ಮ ಕಡೆ ಎರೆ ಭೂಮಿ ಜಾಸ್ತಿ, ಕಾಲುವೆ ನೀರು ನಿಂತು ಸವಳಾದ ಹೊಲಗಳೂ ಇವೆ. ಬೂದಿ ಕ್ಷಾರ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಮಣ್ಣಿನ ಹುಳಿ-ಕ್ಷಾರ ಹೇಳುವ ರಸಸಾರ (ಪಿ.ಎಚ್.) 8 ದಾಟಿದ್ದರೆ ಬೂದಿ ಬೇಡವೇ ಬೇಡ, ದಂಟನ್ನು ಕತ್ತರಿಸಿ ತಿಪ್ಪೆಗೆ ಹಾಕಿ. ಇಲ್ಲದಿದ್ದರೆ ಗಿಡಕ್ಕೆ ಒಂದೆರಡು ಹಿಡಿ, ಬುಡಕ್ಕೆ ತಾಗದ ಹಾಗೆ ಸುತ್ತ ಉದುರಿಸಿ ಮಣ್ಣಲ್ಲಿ ಬೆರೆಸಿ.

ಗಿರಣಿ ಬೂದಿಯನ್ನೂ ಬಿಡಬೇಡಿ. ಅದು ಭತ್ತದ ಗದ್ದೆಗೇ ವಾಪಸ್ ಹೋಗಲಿ.

ದಂಟಿನ ಬೂದಿಯನ್ನು ಸೂರಿನಡಿ ಇಡಿ. ಒಮ್ಮೆ ನಾನು ಎರಡು ಚೀಲ ಅಂಗಳದಲ್ಲೇ ಬಿಟ್ಟೆ. ರಾತ್ರಿ ಮಳೆ ಹೊಯ್ಯಿತು. ಬೆಳಿಗ್ಗೆ ಚೀಲದಿಂದ ಕಂದು ನೀರು ಇಳಿಯುತ್ತಿತ್ತು, ಮುಟ್ಟಿದರೆ ಸಾಬೂನಿನ ಹಾಗೆ ಜಾರಿಕೆ. ಪೊಟ್ಯಾಶ್ ಎಲ್ಲ ಆ ನೀರಲ್ಲೇ ಇತ್ತು. ಅದು ಹರಿದ ಕಡೆ ಗರಿಕೆ ಕೂಡ ಸುಟ್ಟುಹೋಯಿತು.