‘ಸದ್ಯಕ್ಕೆ ಒಬ್ಬಳೇ ಹೋಗುತ್ತೇನೆ’ ಎನ್ನುವ ಮೊದಲು

ಓದುಗರ ಪತ್ರ: ನಾನು ಶಿವಮೊಗ್ಗದ ಖಾಸಗಿ ಪದವಿಪೂರ್ವ ಕಾಲೇಜೊಂದರಲ್ಲಿ ಹನ್ನೊಂದು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಶಾರ್ಜಾದ ಸಿ.ಬಿ.ಎಸ್.ಇ. ಶಾಲೆಯೊಂದರಿಂದ ತಿಂಗಳಿಗೆ 4,500 ದಿರ್ಹಮ್ ಸಂಬಳ ಮತ್ತು ಒಬ್ಬರಿಗೆ ವಸತಿ ಎಂಬ ನೇಮಕಾತಿ ಪತ್ರ ಬಂದಿದೆ. ನನ್ನ ಪತಿ ಸಹಕಾರ ಸಂಘದಲ್ಲಿ ಲೆಕ್ಕಿಗರು. ಜೊತೆಗೆ ಬರಲು ಅವರು ಸಿದ್ಧರಿದ್ದಾರೆ. ಆದರೆ ಮನೆಯ ಹಿರಿಯರು, ‘ಸದ್ಯಕ್ಕೆ ನೀನೊಬ್ಬಳೇ ಹೋಗಿ ಎರಡು ವರ್ಷ ದುಡಿ, ಮನೆಸಾಲ ತೀರಲಿ, ಆಮೇಲೆ ನೋಡೋಣ’ ಎನ್ನುತ್ತಾರೆ. ಇಷ್ಟು ಸಂಬಳದಲ್ಲಿ ಮೂವರು ಬದುಕಿ ಉಳಿಸುವುದು ಕಷ್ಟವೆಂದು ನನಗೂ ಅನಿಸುತ್ತದೆ. (ಏಳು ವರ್ಷದ ಮಗಳು ಮಾತ್ರ ತನ್ನ ಸೈಕಲ್ಲನ್ನು ವಿಮಾನದಲ್ಲಿ ಒಯ್ಯಬಹುದೇ ಎಂದು ದಿನವೂ ಕೇಳುತ್ತಾಳೆ.) ತಮ್ಮ ಸಲಹೆ ಬೇಕು.

ಸಂಪಾದಕರ ಉತ್ತರ:

ಸಹೋದರಿ, ನಿಮ್ಮ ಪತ್ರವನ್ನು ಮೂರು ಬಾರಿ ಓದಿದೆ. ಇಲ್ಲಿ ಅಚ್ಚಾಗಿರುವುದು ಅದರ ಸಾರಾಂಶ ಮಾತ್ರ. ಎರಡು ಪುಟಗಳ ಮೂಲ ಪತ್ರದಲ್ಲಿ ಸಂಬಳ ಮತ್ತು ಸಾಲದ ಪ್ರಸ್ತಾಪ ಆರು ಕಡೆ ಬಂದಿದ್ದರೆ, ಮಗಳ ಮಾತು ಬಂದಿರುವುದು ಒಂದೇ ಕಡೆ, ಅದೂ ಕಂಸದೊಳಗೆ. ನಿಮ್ಮನ್ನು ನೋಯಿಸಲು ಇದನ್ನು ಹೇಳುತ್ತಿಲ್ಲ. ಇಷ್ಟು ಸ್ಪಷ್ಟವಾಗಿ ಲೆಕ್ಕ ಬರೆಯಬಲ್ಲ ನೀವು ಮುಖ್ಯವಾದ ಬಾಬತ್ತನ್ನೇ ಲೆಕ್ಕದಿಂದ ಹೊರಗಿಟ್ಟಿದ್ದೀರಿ ಎಂಬುದು ನನ್ನ ತಕರಾರು.

ಹಿರಿಯರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಶಾರ್ಜಾ ಸೇರಿರುವ ಸಂಯುಕ್ತ ಅರಬ್ ಎಮಿರೇಟ್ಸಿನ ಕಾನೂನಿನ ಪ್ರಕಾರ ಪ್ರೊಬೇಷನ್ ಅವಧಿ ಆರು ತಿಂಗಳವರೆಗೆ ಇರಬಹುದು. ಅಷ್ಟರಲ್ಲಿ ಶಾಲೆ ನಿಮಗೆ, ನೀವು ಶಾಲೆಗೆ ಒಗ್ಗದೆ ಹೋಗಬಹುದು. ಬಾಡಿಗೆಗೆ ಮುಂಗಡ ಚೆಕ್ಕುಗಳನ್ನು ಬರೆದುಕೊಡಬೇಕು, ಠೇವಣಿ ಇಡಬೇಕು. ಆದ್ದರಿಂದ ನೀವು ಆರೆಂಟು ವಾರ ಮೊದಲೇ ಹೋಗಿ ಮನೆ ಗೊತ್ತುಮಾಡಿಕೊಂಡು ಅವರಿಬ್ಬರನ್ನು ಕರೆಸಿಕೊಳ್ಳುವುದಾದರೆ ನನ್ನ ಆಕ್ಷೇಪವಿಲ್ಲ. ಎರಡು ವರ್ಷವೆನ್ನುವುದನ್ನು ಮಾತ್ರ ನಾನು ಒಪ್ಪಲಾರೆ.

ಏಕೆಂದರೆ ಎರಡು ವರ್ಷ ಎಂದು ಹೋದವರು ಎರಡೇ ವರ್ಷಕ್ಕೆ ಬಂದದ್ದನ್ನು ನಾನು ಕಂಡಿಲ್ಲ. ನೈಜೀರಿಯಾ 1976ರಲ್ಲಿ ಸಾರ್ವತ್ರಿಕ ಪ್ರಾಥಮಿಕ ಶಿಕ್ಷಣ ಯೋಜನೆಯನ್ನು ಜಾರಿಗೆ ತಂದಿತು. ತೈಲದ ಹಣವಿದ್ದ, ಮೇಷ್ಟ್ರುಗಳಿಲ್ಲದ ಆ ದೇಶಕ್ಕೆ ಭಾರತದಿಂದ ನೂರಾರು ಶಿಕ್ಷಕರು ಹೋದರು. ನನ್ನ ಚಿಕ್ಕಪ್ಪನೂ ಗಣಿತ ಕಲಿಸಲು ಒಬ್ಬರೇ ಹೋದರು, ಎರಡು ವರ್ಷದ ಕರಾರಿನ ಮೇಲೆ. ಆರು ವರ್ಷ ಇದ್ದರು. ನೀಲಿ ಏರೋಗ್ರಾಮಿನಲ್ಲಿ ಚಿಕ್ಕಮ್ಮ ಬರೆಯುವ ಪತ್ರ ಅವರ ಕೈಸೇರಲು ಕೆಲವೊಮ್ಮೆ ತಿಂಗಳೇ ಹಿಡಿಯುತ್ತಿತ್ತು. ಒಮ್ಮೆ ಚಿಕ್ಕಮ್ಮ ಮಗಳನ್ನು ಏರೋಗ್ರಾಮಿನ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ‘ಈ ಅಳತೆಯ ಬೂಟು ತನ್ನಿ’ ಎಂದು ಬರೆದು ಕಳುಹಿಸಿದ್ದರು. ಚಿಕ್ಕಪ್ಪ ಆ ಗೆರೆಯನ್ನು ಕತ್ತರಿಸಿ ಅಂಗಡಿಗೆ ಒಯ್ದು, ಸರಿಯಾದ ಅಳತೆಯ ಕೆಂಪು ಬೂಟನ್ನೇ ಕೊಂಡರು. ಅವರು ರಜೆಗೆ ಬಂದದ್ದು ಹನ್ನೊಂದು ತಿಂಗಳ ಮೇಲೆ. ಮಗುವಿನ ಹಿಮ್ಮಡಿ ಬೂಟಿನೊಳಗೆ ಇಳಿಯಲೇ ಇಲ್ಲ. ಒತ್ತಿ ಹಾಕಲು ನೋಡಿದಾಗ ಅದು ಅತ್ತಿತು, ಚಿಕ್ಕಪ್ಪ ಬೂಟನ್ನು ಹಿಡಿದುಕೊಂಡು ಜಗಲಿಯಲ್ಲಿ ಹಾಗೆಯೇ ಕುಳಿತರು. ಆ ಜೋಡು ಬಹುಕಾಲ ಅಟ್ಟದ ಮೇಲಿತ್ತು. ಅವರು ಕಟ್ಟಿಸಿದ ಮನೆ ಇಂದಿಗೂ ಗಟ್ಟಿಯಾಗಿದೆ, ಅವರ ಮೇಲಿನ ಗೌರವವೂ ನಮ್ಮೆಲ್ಲರಲ್ಲಿ ಗಟ್ಟಿಯಾಗಿದೆ. ಆದರೆ ಆ ಮಗಳು ಕೊನೆಯವರೆಗೂ ತಂದೆಯೊಡನೆ ಸಲಿಗೆಯಿಂದ ಮಾತಾಡಿದ್ದನ್ನು ನಾನು ಕೇಳಲಿಲ್ಲ.

ಈಗ ವಿಡಿಯೊ ಕರೆ ಇದೆಯಲ್ಲ ಎನ್ನುತ್ತೀರಿ. ಮಗು ಜ್ವರದಲ್ಲಿ ನರಳುವುದನ್ನು ಅದು ತೋರಿಸುತ್ತದೆ. ಹಣೆ ಮುಟ್ಟಿ ನೋಡಲು ಬಿಡುವುದಿಲ್ಲ.

ಇನ್ನೊಂದು ಮನೆಯ ಸಂಗತಿ ಕೇಳಿ. ಕೆಲವು ವರ್ಷಗಳ ಹಿಂದೆ ಕಾರ್ಯಕ್ರಮವೊಂದರ ನಿಮಿತ್ತ ಹೋದಾಗ ಶಾರ್ಜಾದ ಅಲ್ ನಹ್ದಾದಲ್ಲಿ, ಕರಾವಳಿಯ ದಂಪತಿಗಳ ಮನೆಯಲ್ಲಿ ಒಂದು ವಾರ ಉಳಿದಿದ್ದೆ. ಪತ್ನಿ ವಿಜ್ಞಾನದ ಶಿಕ್ಷಕಿ. ಪತಿ ಆಕೆಯ ಪ್ರಾಯೋಜಕತ್ವದ ವೀಸಾದಲ್ಲಿ ಬಂದವರು, ಮೊದಲ ಏಳು ತಿಂಗಳು ಕೆಲಸವಿಲ್ಲದೆ ಇದ್ದವರು. ಮುಂಜಾನೆ ಆರಕ್ಕೆ ಮುನ್ನ ಶಾಲೆಯ ಬಸ್ಸು ಬರುತ್ತಿದ್ದುದರಿಂದ ಬುತ್ತಿ ಕಟ್ಟುವ ಕೆಲಸ ಅವರದೇ ಆಗಿತ್ತು. ಸಂಜೆ ನಾವೆಲ್ಲ ನಡೆಯುತ್ತಿದ್ದಾಗ ಅವರ ಮಗಳು ಖುಬ್ಬೂಸ್ ಎಂಬ ಅರಬ್ಬಿ ರೊಟ್ಟಿಯ ಅಂಗಡಿಯ ಫಲಕವನ್ನು ಬಲದಿಂದ ಎಡಕ್ಕೆ ಬೆರಳಾಡಿಸಿ ಓದಿ, ‘ಮಖ್‌ಬಝ್, ಅಂದರೆ ಬೇಕರಿ’ ಎಂದು ಅಪ್ಪನಿಗೆ ಹೇಳಿಕೊಟ್ಟಳು. ಅಪ್ಪ ತಪ್ಪಾಗಿ ಉಚ್ಚರಿಸಿದರೆಂದು ಮತ್ತೆ ಹೇಳಿಸಿದಳು. ಆ ಏಳು ತಿಂಗಳು ಮನೆಯಲ್ಲಿ ಹಣ ಉಳಿಯಲಿಲ್ಲವೆಂದು ಆ ಶಿಕ್ಷಕಿ ನನ್ನೊಡನೆ ಮುಚ್ಚುಮರೆಯಿಲ್ಲದೆ ಹೇಳಿದರು. ಒಬ್ಬರೇ ಬಂದಿದ್ದರೆ ಮೊದಲ ಟರ್ಮಿಗೇ ಕೆಲಸ ಬಿಟ್ಟು ಓಡಿಹೋಗುತ್ತಿದ್ದೆನೆಂದೂ ಹೇಳಿದರು.

ಆ ಮಗುವಿನ ಅರಬ್ಬಿ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಅಲ್ಲಿಯ ಖಾಸಗಿ ಶಾಲೆಗಳಲ್ಲಿ ಅರಬ್ಬಿ ಕಡ್ಡಾಯ ವಿಷಯ. ಏಳನೆಯ ವಯಸ್ಸಿನಲ್ಲಿ ಸೇರುವ ಮಗು ಅಕ್ಷರಗಳನ್ನು ಇನ್ನೂ ತಿದ್ದುತ್ತಿರುವವರ ನಡುವೆ ಕೂರುತ್ತದೆ. ಅದೇ ಮಗು ಎರಡು ವರ್ಷ ತಡವಾಗಿ ಹೋದರೆ, ಸರಾಗವಾಗಿ ಓದುವವರ ನಡುವೆ ಒಬ್ಬಳೇ ಹಿಂದುಳಿಯುತ್ತದೆ. ಭಾರತೀಯ ಪಠ್ಯಕ್ರಮದ ಶಾಲೆಗಳ ವರ್ಷ ನಮ್ಮಲ್ಲಿಯ ಸಿ.ಬಿ.ಎಸ್.ಇ. ಶಾಲೆಗಳಂತೆ ಏಪ್ರಿಲಿನಲ್ಲೇ ಆರಂಭವಾಗುವುದರಿಂದ, ಆಗಲೇ ಸೇರಿಸಿದರೆ ವರ್ಷ ಹಾಳಾಗದು. ಕನ್ನಡ ಮರೆಯುತ್ತಾಳೆಂಬ ಭಯ ಬೇಡ. ದುಬೈನಲ್ಲಿ ಕನ್ನಡ ಮಿತ್ರರು ಎಂಬ ಬಳಗ ಮಕ್ಕಳಿಗೆ ಕನ್ನಡ ಪಾಠಶಾಲೆ ನಡೆಸುತ್ತಿದೆ. ಶಾರ್ಜಾದಲ್ಲಿ 2022ರಿಂದ ಶುಕ್ರ, ಶನಿ, ಭಾನು ಮೂರೂ ದಿನ ವಾರದ ರಜೆ. ಮಗಳೊಡನೆ ಕುಳಿತು ಕನ್ನಡ ಓದಿಸಲು ನಿಮಗೇ ಬಿಡುವಿರುತ್ತದೆ.

ಸಂಬಳದ ಮಾತಿಗೆ ಬರೋಣ. ಕುಟುಂಬವನ್ನು ಕರೆಸಿಕೊಳ್ಳಲು ಅಲ್ಲಿಯ ನಿಯಮ ಕೇಳುವುದು 4,000 ದಿರ್ಹಮ್, ಅಥವಾ 3,000 ಮತ್ತು ವಸತಿ. ನಿಮ್ಮದು ಅದನ್ನು ದಾಟಿದೆ. ಹೆಂಡತಿ ಗಂಡನನ್ನು ಕರೆಸಿಕೊಳ್ಳುವಾಗ ಬೇಕಾಗುವ ಹೆಚ್ಚಿನ ಕಾಗದಪತ್ರಗಳೇನೆಂದು ಶಾಲೆಯಲ್ಲಿ ವೀಸಾದ ಕೆಲಸ ನೋಡಿಕೊಳ್ಳುವ ಪಿ.ಆರ್.ಒ. ಅವರನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಒಬ್ಬರ ವಸತಿಗೆ ಬದಲಾಗಿ ಬಾಡಿಗೆ ಭತ್ಯೆ ಕೊಡಿ, ಮಗಳಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡಿ ಎಂದು ಸಹಿ ಹಾಕುವ ಮೊದಲೇ ಕೇಳಬೇಕು. ಸಹಿಯಾದ ಮೇಲೆ ನಿಮ್ಮ ಮಾತಿಗೆ ಆ ತೂಕ ಇರುವುದಿಲ್ಲ. ನಿಮ್ಮ ಪತಿ ಲೆಕ್ಕಿಗರೆಂಬುದು ದೊಡ್ಡ ಬಲ. ಅಲ್ಲಿ 2018ರಲ್ಲಿ ವ್ಯಾಟ್, 2023ರಲ್ಲಿ ಕಂಪನಿಗಳ ಮೇಲಿನ ತೆರಿಗೆ ಬಂದ ನಂತರ ಸಣ್ಣ ವ್ಯಾಪಾರಿಗೂ ಪುಸ್ತಕ ಬರೆಯುವವರು ಬೇಕಾಗಿದ್ದಾರೆ. ಕುಟುಂಬ ವೀಸಾದಲ್ಲಿರುವವರು ಕೆಲಸ ಕೊಡುವವರ ಮೂಲಕ ಪರವಾನಗಿ ಪಡೆದು ದುಡಿಯಬಹುದು. ಮೊದಲ ವರ್ಷ ಕೈ ಬಿಗಿಯಾಗಿಯೇ ಇರುತ್ತದೆ, ಮನೆಸಾಲ ನಿಧಾನವಾಗಿ ತೀರುತ್ತದೆ. ತೀರಲಿ.

‘ಹೆಂಡತಿಯ ಹಿಂದೆ ಹೋದ’ ಎಂದು ಊರಿನವರು ಆಡಿಕೊಳ್ಳುತ್ತಾರೆಂದು ನೀವು ಬರೆದಿದ್ದೀರಿ. ಗಂಡನ ನೌಕರಿಗಾಗಿ ತನ್ನ ನೌಕರಿ ಬಿಟ್ಟು ಹೊರಟ ಹೆಣ್ಣುಮಗಳನ್ನು ಯಾರೂ ಆಡಿಕೊಳ್ಳಲಿಲ್ಲ, ಆಕೆ ಏನು ಬಿಟ್ಟಳೆಂದು ವಿಚಾರಿಸಲೂ ಇಲ್ಲ. ನಿಮ್ಮ ಪತಿ ತಾವಾಗಿ ಬರುತ್ತೇನೆ ಎಂದಿದ್ದಾರೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಬಿಟ್ಟುಹೋಗುವುದನ್ನೇ ಸಹಜವೆಂದು ನಾವು ಕಲಿತುಬಿಟ್ಟಿದ್ದೇವೆ. ಮುಂಬಯಿಯ ಹೋಟೆಲುಗಳಲ್ಲಿ ದುಡಿದ ಕರಾವಳಿಯವರಲ್ಲಿ ಎಷ್ಟೋ ಮಂದಿಯ ಹೆಂಡಿರು ಊರಲ್ಲೇ ಮುದುಕಿಯರಾದರು. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲೇ ಗಂಡ ಒಂದು ಮೂಲೆಯ ಜಿಲ್ಲೆಯಲ್ಲಿ, ಹೆಂಡತಿ ಇನ್ನೊಂದು ಮೂಲೆಯಲ್ಲಿ ಪಾಠ ಮಾಡುತ್ತ, ಪ್ರತಿ ವರ್ಗಾವಣೆಯ ಕಾಲದಲ್ಲೂ ‘ಪತಿ-ಪತ್ನಿ ಪ್ರಕರಣ’ ಎಂಬ ಹೆಸರಿನಲ್ಲಿ ಅರ್ಜಿ ಹಿಡಿದು ನಿಲ್ಲುತ್ತಾರೆ. ಒಂದೇ ಸೂರಿನಡಿ ಇರಬೇಕೆಂಬ ಆಸೆ ಇಲಾಖೆಯ ಕಣ್ಣಿಗೆ ಒಂದು ‘ಪ್ರಕರಣ’! ಹೊರದೇಶಗಳೂ ಇದಕ್ಕಿಂತ ಮೇಲೇನಲ್ಲ. ಬ್ರಿಟನ್ 2024ರ ಜನವರಿಯಿಂದ ಬಹುಪಾಲು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ, ಮಾರ್ಚಿನಿಂದ ಹೊಸದಾಗಿ ಬರುವ ಆರೈಕೆ ಕೆಲಸಗಾರರಿಗೆ ಕುಟುಂಬ ತರುವ ಅವಕಾಶವನ್ನೇ ಮುಚ್ಚಿತು. ತಮ್ಮ ಮುದುಕರನ್ನು ನೋಡಿಕೊಳ್ಳಲು ಬೇರೆಯವರ ಮನೆಯ ತಾಯಿ ಬೇಕಾಗಿದ್ದಳು, ಆಕೆಯ ಮಕ್ಕಳು ಬೇಡವಾಗಿದ್ದರು. ಕೊಲ್ಲಿಯ ಬಾಡಿಗೆ ಜಾಹೀರಾತುಗಳಲ್ಲಿ ಒಬ್ಬರೇ ಇರುವ ವಿವಾಹಿತೆಗೂ ‘ಲೇಡಿ ಬ್ಯಾಚುಲರ್’ ಎಂದೇ ಹೆಸರು. ಒಂದು ಮಂಚದ ಜಾಗವನ್ನು ‘ಬೆಡ್ ಸ್ಪೇಸ್’ ಎಂದು ಬಾಡಿಗೆಗೆ ಕೊಡುತ್ತಾರೆ. ಮಗುವಿನ ತಾಯಿಯನ್ನು ಬ್ಯಾಚುಲರ್ ಎಂದು ಕರೆಯುವ ಆ ಮಾತು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮ್ಮ ಶಾಲೆಯ ಬಸ್ಸಿನ ಆಯಾ, ಕಸ ಗುಡಿಸುವಾತ, ಇವರಲ್ಲಿ ಹೆಚ್ಚಿನವರ ಸಂಬಳ ಆ 4,000ದ ಗೆರೆಯನ್ನು ಮುಟ್ಟುವುದೇ ಇಲ್ಲ. ಅವರು ಎಷ್ಟು ಬಯಸಿದರೂ ದೊರೆಯದ ಹಕ್ಕು ನಿಮ್ಮ ಕೈಯಲ್ಲಿದೆ. ಅದನ್ನು ‘ಸದ್ಯಕ್ಕೆ’ ಎಂಬ ಒಂದು ಪದಕ್ಕಾಗಿ ಬಿಟ್ಟುಕೊಡಬೇಡಿ.

ಈ ವಾರವೇ ಮಾಡಬೇಕಾದ ಕೆಲಸವಿದೆ. ಕಲ್ಯಾಣಮಂಟಪದ ರಸೀದಿ, ಲಗ್ನಪತ್ರಿಕೆ ವೀಸಾದ ಕೆಲಸಕ್ಕೆ ಬಾರವು. ವಿವಾಹ ನೋಂದಣಿ ಆಗಿರದಿದ್ದರೆ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಿ ಮಾಡಿಸಿ. ವಿವಾಹ ಪ್ರಮಾಣಪತ್ರ ಮತ್ತು ಮಗಳ ಜನನ ಪ್ರಮಾಣಪತ್ರ ಎರಡಕ್ಕೂ ರಾಜ್ಯ ಸರ್ಕಾರದ, ಅನಂತರ ವಿದೇಶಾಂಗ ಸಚಿವಾಲಯದ, ಆಮೇಲೆ ಎಮಿರೇಟ್ಸ್ ರಾಯಭಾರ ಕಚೇರಿಯ ದೃಢೀಕರಣ ಬೇಕು. ನಮ್ಮವರು ಎಡವುವುದು ಇನಿಷಿಯಲ್ಲಿನಲ್ಲಿ: ಒಂದು ಕಾಗದದಲ್ಲಿ ‘ಕೆ.’, ಇನ್ನೊಂದರಲ್ಲಿ ಊರಿನ ಹೆಸರು, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು. ಮೂವರ ಹೆಸರೂ ಎಲ್ಲ ಕಡೆ ಅಕ್ಷರಕ್ಕೆ ಅಕ್ಷರ ಹೊಂದುವುದೇ ಎಂದು ಇಂದು ರಾತ್ರಿಯೇ ಮೂವರೂ ಕುಳಿತು ನೋಡಿ. ಮಗಳನ್ನೂ ಕೂರಿಸಿಕೊಳ್ಳಿ. ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ, ಹ್ಯಾಂಡಲ್ ತಿರುಗಿಸಿ ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿದರೆ ವಿಮಾನದಲ್ಲಿ ಒಯ್ಯಬಹುದು, ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿರಬೇಕು ಅಷ್ಟೆ ಎಂದು ನಾನು ಹೇಳಿದೆನೆಂದು ಅವಳಿಗೆ ತಿಳಿಸಿ.