ಬೂಷ್ಟು ಹಿಡಿದ ಜೋಳಕ್ಕೆ ಕಾಫಿ ಸಿಪ್ಪೆ, ಉಮಿ ಬೆರೆಸಿದರೆ ವಿಷ ಇಳಿಯುತ್ತದೆಯೇ?

ಮಳೆಗಾಲದಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳಕ್ಕೆ ಕಾಫಿ ಸಿಪ್ಪೆಯನ್ನೋ ಭತ್ತದ ಉಮಿಯನ್ನೋ ಪುಡಿ ಮಾಡಿ ಬೆರೆಸಿದರೆ ಹಂದಿಗಳಿಗೂ ಹಸುವಿಗೂ ಧೈರ್ಯವಾಗಿ ಹಾಕಬಹುದೇ ಎಂದು ಕೇಳಿದ್ದೀರಿ. ನಿಮ್ಮ ಯೋಚನೆಗೆ ಆಧಾರವಿದೆ, ಆದರೆ ಇವೆರಡನ್ನು ಹಾಗೆಯೇ ಬೆರೆಸುವುದು ಬೇಡ. ಸೋಮವಾರಪೇಟೆಯ ಕಡೆ ಸಣ್ಣ ತೋಟ, ಒಂದಷ್ಟು ಹಂದಿ, ಎರಡು ಹಸು ಇಟ್ಟುಕೊಂಡಿರುವ ನಾನು ಇದರಲ್ಲಿ ಒಮ್ಮೆ ಕೈ ಸುಟ್ಟುಕೊಂಡವನು.

ಆಸ್ಪರ್ಜಿಲಸ್ ಜಾತಿಯ ಬೂಷ್ಟುಗಳು ಬಿಡುವ ವಿಷಗಳಾದ ಅಫ್ಲಾಟಾಕ್ಸಿನ್, ಓಕ್ರಾಟಾಕ್ಸಿನ್‌ಗಳು ಬೇಯಿಸಿದರೆ ಹೋಗುವುದಿಲ್ಲ. ಬೂಷ್ಟನ್ನು ತೊಳೆದು ತೆಗೆದರೂ ಕಾಳಿನೊಳಗೆ ಇಳಿದದ್ದು ಅಲ್ಲೇ ಇರುತ್ತದೆ. ಹಾಗಾಗಿಯೇ ವಿಷವು ರಕ್ತಕ್ಕೆ ಸೇರುವ ಮೊದಲೇ ಕರುಳಿನಲ್ಲಿ ಅದನ್ನು ಹಿಡಿದಿಟ್ಟು ಸಗಣಿಯೊಡನೆ ಹೊರಹಾಕುವ ನಾರಿನ ವಸ್ತುಗಳನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಇಟಲಿಯ ಸಂಶೋಧಕರು ವೈನ್ ತೆಗೆದ ಮೇಲೆ ಉಳಿಯುವ ದ್ರಾಕ್ಷಿ ಚರಟದ ನುಣ್ಣನೆಯ ಪುಡಿ ಅಫ್ಲಾಟಾಕ್ಸಿನ್ನನ್ನು ಚೆನ್ನಾಗಿ ಹಿಡಿಯುವುದನ್ನು ಕಂಡಿದ್ದಾರೆ, ಆದರೆ ಗೋಧಿ, ಜೋಳಗಳಲ್ಲಿ ಬರುವ ಡಿಆಕ್ಸಿನಿವಲೆನಾಲ್ ಎಂಬ ಇನ್ನೊಂದು ವಿಷದ ಮುಂದೆ ಅದರ ಆಟ ನಡೆಯಲಿಲ್ಲ. ಹಸಿ ಉಮಿಯಲ್ಲಿ ಮರಳಿನಂಥ ಸಿಲಿಕಾ ಸಾಕಷ್ಟಿದೆ, ಹಿಡಿಯುವ ಶಕ್ತಿ ಕಡಿಮೆ. ಅದನ್ನು ಸುಟ್ಟು ಸಂಸ್ಕರಿಸಿದ ಇದ್ದಿಲು ಬಲವಾಗಿ ಹಿಡಿಯುತ್ತದೆ ನಿಜ, ಆದರೆ ವಿಷದ ಜೊತೆಗೆ ವಿಟಮಿನ್‌ಗಳನ್ನೂ ಹಿಡಿದುಬಿಡುತ್ತದೆ.

ಕಾಫಿ ಸಿಪ್ಪೆಯ ಮಾತೇ ಬೇರೆ. ಓಕ್ರಾಟಾಕ್ಸಿನ್ ಕಾಫಿಗೆ ಹೆಚ್ಚಾಗಿ ಅಂಟುವುದು ಒಣಗಿಸುವ ಹಂತದಲ್ಲಿ, ಮತ್ತು ಒಣಹಣ್ಣಿನಲ್ಲಿ ಬೇಳೆಗಿಂತ ಸಿಪ್ಪೆಯಲ್ಲೇ ಅದು ಹೆಚ್ಚು. ಒಂದು ಜನವರಿಯಲ್ಲಿ ಅಕಾಲ ಮಳೆ ಬಂದು ನಮ್ಮ ಕಣದಲ್ಲಿದ್ದ ರೊಬಸ್ಟಾ ಮೂರು ದಿನ ಟಾರ್ಪಾಲಿನಡಿ ಕೂತಿತ್ತು. ನಾಲ್ಕನೆಯ ದಿನ ಮುಚ್ಚಿಗೆ ಸರಿಸಿ ರಾಶಿಯೊಳಗೆ ಕೈ ಹಾಕಿದರೆ ಬಿಸಿ. ಹಣ್ಣುಗಳು ಬಿಳಿ ನೂಲಿನಂಥ ಬೂಷ್ಟಿನಿಂದ ಒಂದಕ್ಕೊಂದು ಹೆಣೆದುಕೊಂಡು ಮುದ್ದೆಮುದ್ದೆಯಾಗಿ ಎದ್ದು ಬಂದವು. ಒಣಗಿಸಿ ಮಿಲ್ಲಿಗೆ ಹಾಕಿಸಿದ ಮೇಲೆ ಸಿಕ್ಕ ಸಿಪ್ಪೆಯನ್ನು ದುಡ್ಡಿಲ್ಲದ ಮೇವೆಂದು ತೌಡಿಗೆ ಬೆರೆಸಿದೆ. ಕೆಲವು ವಾರಗಳಲ್ಲಿ ಹಂದಿಗಳು ತೊಟ್ಟಿ ಖಾಲಿಯಾಗುವಷ್ಟು ನೀರು ಕುಡಿದು, ಪದೇಪದೇ ಮೂತ್ರ ಮಾಡುತ್ತ, ಮೈಗೂಡದೆ ಉಳಿದವು. ಪಶುವೈದ್ಯರು ಮೂತ್ರಪಿಂಡಕ್ಕೆ ಪೆಟ್ಟಾಗಿರಬಹುದೆಂದು ಹೇಳಿ ಸಿಪ್ಪೆ ನಿಲ್ಲಿಸಿಸಿದರು. ಪ್ರಯೋಗಾಲಯಕ್ಕೆ ಕಳಿಸದೆ ಹೋದದ್ದರಿಂದ ಸಿಪ್ಪೆಯೇ ಕಾರಣವೆಂದು ಆಣೆ ಮಾಡಲಾರೆ. ಆದರೂ ಓಕ್ರಾಟಾಕ್ಸಿನ್ ಹಂದಿಯ ಮೂತ್ರಪಿಂಡವನ್ನು ಕೆಡಿಸುವುದು ಹಳೆಯ ಸಂಗತಿ.

ಅಣಬೆಯ ದಾರಿಯೂ ಒಂದಿದೆ. ಭತ್ತದ ಹುಲ್ಲಿನ ಮೇಲೆ ಬೆಳೆಯುವ ಚಿಪ್ಪಣಬೆ ಸ್ರವಿಸುವ ಲ್ಯಾಕೇಸ್ ಎಂಬ ಕಿಣ್ವ ಅಫ್ಲಾಟಾಕ್ಸಿನ್ನನ್ನು ಒಡೆಯಬಲ್ಲದು, ಆದರೆ ಅದು ಸದ್ಯಕ್ಕೆ ಪ್ರಯೋಗಾಲಯದ ಮಾತು, ನಮ್ಮ ನಿಮ್ಮ ಕೊಟ್ಟಿಗೆಯದಲ್ಲ.

ನನ್ನ ಅನುಭವದಲ್ಲಿ ಈ ತ್ಯಾಜ್ಯಕ್ಕೆ ಒಳ್ಳೆಯ ಜಾಗ ಒಲೆ. ಉಮಿಯನ್ನೂ ಕಾಫಿ ಸಿಪ್ಪೆಯನ್ನೂ ಉರಿಸಿ, ಹೊಗೆ ಕಾಳಿಗೆ ತಾಗದಂತೆ ಬಿಸಿಗಾಳಿಯನ್ನಷ್ಟೇ ಹಾಯಿಸುವ ಡ್ರೈಯರಿನಲ್ಲಿ ಜೋಳವನ್ನು ಶೇ. 12-13ರ ತೇವಕ್ಕೆ, ಭತ್ತವನ್ನು ಶೇ. 14ಕ್ಕೆ ಇಳಿಸಿಟ್ಟರೆ ಬೂಷ್ಟು ಏಳುವುದಿಲ್ಲ. ನಾವು ನಾಲ್ಕು ಮನೆಯವರು ಸೇರಿ ಒಂದನ್ನು ಹಾಕಿಸಿದ್ದೇವೆ. ಮೋಡ ಕವಿದ ದಿನಗಳಲ್ಲಿ ಅದಕ್ಕೆ ಬಿಡುವಿಲ್ಲ. ತೇವದ ಮೀಟರನ್ನೂ ಕೊಂಡುಕೊಳ್ಳಿ, ಹಲ್ಲಿನಿಂದ ಕಡಿದು ನೋಡುವ ಲೆಕ್ಕ ಕೊಡಗಿನ ಮಳೆಗೆ ಸಾಲದು.

ಈಗಾಗಲೇ ಕೆಟ್ಟಿರುವ ಚೀಲಗಳನ್ನು ಕರೆಯುವ ಹಸುವಿಗಂತೂ ಹಾಕಲೇಬೇಡಿ. ಅಫ್ಲಾಟಾಕ್ಸಿನ್ ಬಿ1 ಹಸುವಿನ ದೇಹದಲ್ಲಿ ಎಂ1 ಆಗಿ ಮಾರ್ಪಟ್ಟು ಹಾಲಿಗೆ ಇಳಿಯುತ್ತದೆ, ಮತ್ತು ಹಾಲಿನಲ್ಲಿ ನಮ್ಮ ದೇಶದ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ ಮಾತ್ರ. ಪೇಟೆಯಲ್ಲಿ ಸಿಗುವ ಬೆಂಟೊನೈಟ್ ಜೇಡಿಯ ಪುಡಿಯನ್ನು ಸಣ್ಣ ಪ್ರಮಾಣದ ಅಫ್ಲಾಟಾಕ್ಸಿನ್‌ಗೆ ವೈದ್ಯರನ್ನು ಕೇಳಿ ಬಳಸಬಹುದು, ಕಣ್ಣಿಗೆ ಕಾಣುವಷ್ಟು ಬೂಷ್ಟು ಹಿಡಿದ ಕಾಳಿಗಲ್ಲ. ಅಂಥ ಎರಡು ಚೀಲವನ್ನು ನಾನು ಗುಂಡಿ ತೆಗೆದು ಹೂತೆ. ತೋಟದಂಚಿಗೆ ಚೆಲ್ಲಿದ್ದರೆ ಪಕ್ಕದ ಮನೆಯ ಕೋಳಿಗಳು ಸಂಜೆಯೊಳಗೆ ಮುಗಿಸಿರುತ್ತಿದ್ದವು.