‘ಮೂರು ದಿನದಿಂದ ಮಳೆ’: ಇಲ್ಲಿ ‘ಸಿನ್ಸ್’ ಹಾಕಬೇಕಾ, ‘ಫಾರ್’ ಹಾಕಬೇಕಾ?

‘ಸಿನ್ಸ್’, ‘ಫಾರ್’ ಎರಡಕ್ಕೂ ಕನ್ನಡದಲ್ಲಿ ‘ಇಂದ’ ಅಂತಲೇ ಹೇಳುತ್ತೇವಲ್ಲ, ವ್ಯತ್ಯಾಸ ಏನು ಅಂತ ಕೇಳಿದ್ದೀರಿ. ನಮ್ಮನ್ನು ಎಡವಿಸೋದೇ ಆ ‘ಇಂದ’.

ನಾನು ಮಡಿಕೇರಿ ಹತ್ತಿರ ಹೋಮ್‌ಸ್ಟೇ ನಡೆಸುತ್ತೇನೆ. ಒಂದು ಜುಲೈನಲ್ಲಿ, ಬರಬೇಕಿದ್ದವರಿಗೆ ‘ನೋ ಕರೆಂಟ್ ಸಿನ್ಸ್ ತ್ರೀ ಡೇಸ್’ ಅಂತ ಮೆಸೇಜ್ ಹಾಕಿದ್ದೆ. ಅವರು ಇಂಗ್ಲಿಷ್ ಮೇಡಂ ಅಂತೆ. ಬಂದು ಕಾಫಿ ಕುಡಿದ ಮೇಲೆ ಮೆಲ್ಲಗೆ ತಿದ್ದಿದರು. (‘ಕರೆಂಟ್’ ಅಲ್ಲ, ‘ಪವರ್’ ಅನ್ನಬೇಕು ಅಂತಲೂ ಹೇಳಿದರು. ಅದು ಬೇರೆ ಕಥೆ.)

‘ಸಿನ್ಸ್’ಗೆ ಶುರುವಾದ ಹೊತ್ತು ಬೇಕು: ಸೋಮವಾರ, ಬೆಳಿಗ್ಗೆ ಆರು ಗಂಟೆ, ಹುತ್ತರಿ ಹಬ್ಬ. ‘ಫಾರ್’ಗೆ ಅಳತೆ ಬೇಕು: ಮೂರು ದಿನ, ಎರಡು ಗಂಟೆ, ಹತ್ತು ವರ್ಷ. ಗೊಂದಲ ಆದಾಗ ನಾನು ‘ಇಂದ’ ತೆಗೆದು ‘ಆಯ್ತು’ ಸೇರಿಸಿ ನೋಡುತ್ತೇನೆ. ‘ಮಳೆ ಹಿಡಿದು ಮೂರು ದಿನ ಆಯ್ತು’ ಸರಿ ಕೇಳಿಸುತ್ತೆ, ಅಂದರೆ ಫಾರ್. ‘ಮಳೆ ಹಿಡಿದು ಸೋಮವಾರ ಆಯ್ತು’ ಅಂತ ಯಾರೂ ಅನ್ನಲ್ಲ, ಹಾಗಾಗಿ ಸಿನ್ಸ್.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಲ್ಲಿಂದ ಲೆಕ್ಕ ಹಾಕಿ ‘ಸಿನ್ಸ್ 1956’ ಅನ್ನಬಹುದು. ವರ್ಷ ಎಣಿಸಿ ಹೇಳೋದಾದರೆ ‘ಫಾರ್ ಮೋರ್ ದ್ಯಾನ್ ಸಿಕ್ಸ್ಟಿ ಇಯರ್ಸ್’. ವಿಷಯ ಒಂದೇ, ಹೇಳುವ ದಾರಿ ಎರಡು.

ಕ್ರಿಯಾಪದದಲ್ಲೂ ಜಾರುತ್ತೇವೆ. ನಾವು ‘ಬರ್ತಾ ಇದೆ’ ಅನ್ನೋದರಿಂದ ‘ಇಟ್ ಈಸ್ ರೇನಿಂಗ್’ ಅಂತ ಬಾಯಿಗೆ ಬಂದುಬಿಡುತ್ತೆ. ಆದರೆ ಹಿಂದೆ ಶುರುವಾಗಿ ಇನ್ನೂ ನಿಲ್ಲದ ಮಳೆಗೆ ‘ಇಟ್ ಹ್ಯಾಸ್ ಬೀನ್ ರೇನಿಂಗ್ ಫಾರ್ ತ್ರೀ ಡೇಸ್’ ಅನ್ನಬೇಕು. ಮಳೆ ಬಂದು ನಿಂತಿದ್ದರೆ ‘ಇಟ್ ರೇನ್ಡ್ ಫಾರ್ ತ್ರೀ ಡೇಸ್’. ಮುಂದಿನ ಮಾತಿಗೂ ಫಾರ್ ನಡೆಯುತ್ತೆ: ‘ವಿ ವಿಲ್ ಸ್ಟೇ ಫಾರ್ ಟೂ ಡೇಸ್’. ಇಲ್ಲಿ ಸಿನ್ಸ್ ಹಾಕೋಕೆ ಬರಲ್ಲ.

ಸಿನ್ಸ್‌ಗೆ ಕಾರಣ ಹೇಳೋ ಕೆಲಸವೂ ಇದೆ. ‘ಸಿನ್ಸ್ ದ ರೋಡ್ ಈಸ್ ಬ್ಲಾಕ್ಡ್, ವಿ ಕಾಂಟ್ ಕಮ್’ ಅಂದರೆ ರಸ್ತೆ ಬಂದ್ ಆಗಿರೋದರಿಂದ ಬರೋಕಾಗಲ್ಲ ಅಂತ. ನೋಡಿ, ಅಲ್ಲೂ ನಮ್ಮ ‘ಇಂದ’ ಹಾಜರ್! ಇದೊಂದು ಕಡೆ ಮಾತ್ರ ಅದನ್ನು ಧೈರ್ಯವಾಗಿ ನಂಬಬಹುದು.